ಹೆಡ್‌ಲೈಟ್ ಬಲ್ಬ್ ಮನೆಯಲ್ಲೇ ಬದಲಿಸಬಹುದು
ತೀರ್ಥಹಳ್ಳಿಯಿಂದ ಕೇಳಿದ್ದೀರಿ: ಕಾರಿನ ಎಡಗಡೆಯ ಹೆಡ್‌ಲೈಟ್ ಹೋಗಿದೆ, ಎಚ್4 ಮಾದರಿಯ ಬಲ್ಬನ್ನು ಮನೆಯಲ್ಲೇ ಬದಲಿಸಬಹುದೇ, ಆಗುಂಬೆಯ ಮಂಜಿಗೆ 100 ವ್ಯಾಟಿನದು ಹಾಕಲೇ ಎಂದು. ಧಾರಾಳವಾಗಿ ಬದಲಿಸಿ. ಆದರೆ 12 ವೋಲ್ಟಿನ, 60/55 ವ್ಯಾಟಿನದನ್ನೇ (ದೂರಕ್ಕೆ ಬೀಳುವ ಹೈ ಬೀಮಿಗೆ 60, ಕೆಳಕ್ಕೆ ಬೀಳುವ ಲೋ ಬೀಮಿಗೆ 55) ತನ್ನಿ. 100 ವ್ಯಾಟ್ ಬೇಡವೇ ಬೇಡ. ವೈರು, ಹೋಲ್ಡರ್ ಕಾದು ಕರಗಬಹುದು. ಮಂಜಿನಲ್ಲಂತೂ ಬೆಳಕು ಹೆಚ್ಚಿದಷ್ಟೂ ನಮ್ಮ ಕಣ್ಣಿಗೇ ಮರಳಿ ಹೊಡೆಯುತ್ತದೆ. ಅಲ್ಲಿ ಲೋ ಬೀಮೇ ಸರಿ.

ಲೈಟ್ ಆರಿಸಿ, ಬಲ್ಬ್ ತಣ್ಣಗಾದ ಮೇಲೆ ಬಾನೆಟ್ ಎತ್ತಿ. ಹೆಡ್‌ಲೈಟಿನ ಹಿಂಬದಿಯ ಮೂರು ಪಿನ್ನಿನ ಕನೆಕ್ಟರನ್ನು ನೇರವಾಗಿ ಎಳೆದು ರಬ್ಬರ್ ಟೋಪಿ ಕಳಚಿದರೆ ತಂತಿಯ ಕ್ಲಿಪ್ಪು ಕಾಣುತ್ತದೆ. ಅದನ್ನು ಒತ್ತಿ ಸರಿಸಿದರೆ ಬಲ್ಬ್ ಕೈಗೆ ಬರುತ್ತದೆ. ಹೊಸದರ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ವಿಪರೀತ ಕಾದು ಬಲ್ಬ್ ಬೇಗ ಹೋಗುತ್ತದೆ. ಮುಟ್ಟಿಬಿಟ್ಟರೆ ಸ್ಪಿರಿಟ್‌ನಲ್ಲಿ ಒರೆಸಿ.

ನಮ್ಮ ಕಡೆಯ ಮಳೆಗೆ ರಬ್ಬರ್ ಟೋಪಿಯೇ ಮುಖ್ಯ, ಅವಸರ ಮಾಡಬೇಡಿ. ಅಂಚಿನ ಸುತ್ತ ಬೆರಳಾಡಿಸಿ ಒತ್ತಿ ಕೂರಿಸಿ. ಒಂದು ಕಡೆ ಮಡಚಿಕೊಂಡರೂ ಸಾಕು, ತೇವ ಒಳನುಗ್ಗಿ ರಿಫ್ಲೆಕ್ಟರ್ ಮಂಕಾಗುತ್ತದೆ. ಹೊಸ ಬಲ್ಬೂ ಉರಿಯದಿದ್ದರೆ ಆ ಬದಿಯ ಫ್ಯೂಸ್ ನೋಡಿ, ಕನೆಕ್ಟರಿನೊಳಗೆ ಹಸಿರು ಕಿಲುಬು ಕಟ್ಟಿದೆಯೇ ಎಂದೂ ನೋಡಿ.