ಕೋವಿ ಬೆಲ್ಟಿನ ಮೇಲೆ ಹೂ ಕೆತ್ತೋಕೆ ಸ್ಟ್ಯಾಂಪ್ ಸೆಟ್ ತಗೋಬೇಕಾ, ಮೊಳೆಯಲ್ಲೇ ಮಾಡ್ಕೋಬಹುದಾ?

ನೀವು ಕೇಳಿರೋದು ಇಷ್ಟು ಅಲ್ವಾ: ಕೈಲ್ ಪೊಳ್ದ್‌ಗೆ (ಕೊಡವರು ಆಯುಧಗಳಿಗೆ ಪೂಜೆ ಮಾಡೋ ಹಬ್ಬ) ಮುಂಚೆ ಅಪ್ಪನ ಕೋವಿಗೆ ಒಂದು ಚರ್ಮದ ಬೆಲ್ಟ್ ಮಾಡಿ ಅದ್ರ ಮೇಲೆ ತೋಕ್ ಪೂ (ಕೋವಿ ಹೂ, ಅಗ್ನಿಶಿಖೆ ಅಂತಾರಲ್ಲ ಅದು) ಕೆತ್ತಬೇಕು, ಆನ್‌ಲೈನಲ್ಲಿ 20 ಸ್ಟ್ಯಾಂಪಿನ (ಒದ್ದೆ ಚರ್ಮದ ಮೇಲಿಟ್ಟು ಹೊಡೆದು ಅಚ್ಚು ಒತ್ತೋ ಲೋಹದ ಕಡ್ಡಿ) ಸೆಟ್ ನೋಡಿಟ್ಟಿದೀರ, ಅದನ್ನ ತಗೊಳ್ಳೋದಾ ಇಲ್ಲಾ ಮೊಳೆ ಉಜ್ಜಿ ಮಾಡ್ಕೊಳ್ಳೋದಾ. ನಾನು ಸೋಮವಾರಪೇಟೆ ಕಡೆಯವನು, ಏಳೆಂಟು ವರ್ಷದಿಂದ ಚರ್ಮದ ಮೇಲೆ ಕೆತ್ತನೆ ಮಾಡ್ತಿದೀನಿ. ಸೆಟ್ ತಗೋಬೇಡಿ. ಒಂದು ಒಳ್ಳೇ ಸ್ವಿವೆಲ್ ನೈಫ್ (ಬೆರಳಲ್ಲಿ ತಿರುಗಿಸ್ತಾ ಗೆರೆ ಎಳೆಯೋ ಚಾಕು), ಎರಡು ಒಳ್ಳೇ ಸ್ಟ್ಯಾಂಪು, ಇಷ್ಟಕ್ಕೆ ದುಡ್ಡು ಹಾಕಿ, ಮಿಕ್ಕಿದ್ದನ್ನ ಮೊಳೆ ಬೋಲ್ಟಲ್ಲೇ ಮಾಡ್ಕೊಳ್ಳಿ.

ನಾನೂ ಮೊದ್ಲು ಅಂಥದ್ದೇ ಒಂದು ಸೆಟ್ ತರಿಸಿದ್ದೆ. ಮೂರು ತಿಂಗಳಲ್ಲಿ ಮೂರೋ ನಾಲ್ಕೋ ಬಿಟ್ರೆ ಬೇರೆ ಯಾವ್ದನ್ನೂ ಕೈಗೆ ತಗೊಂಡಿಲ್ಲ, ಆ ನಾಲ್ಕರಲ್ಲೂ ಎರಡರ ಅಂಚು ಚೂಪಿತ್ತು, ಹೊಡೆದ ಕಡೆಯೆಲ್ಲಾ ಚರ್ಮ ಒತ್ತೋ ಬದ್ಲು ಕತ್ತರಿಸಿ ಹೋಗ್ತಿತ್ತು, ಆಮೇಲೆ ಮಳೆಗಾಲ ಬಂದಾಗ ಮೇಲಿನ ಲೇಪನವೂ ಚಕ್ಕೆ ಎದ್ದು ಬಂತು.

ಸ್ಟ್ಯಾಂಪ್ ನೋಡೋಕೆ ಮುಂಚೆ ನಿಮ್ಮ ಹೂವನ್ನ ನೋಡಿ. ತೋಕ್ ಪೂಗೆ ಆರು ಎಸಳು, ಎಲ್ಲಾ ಮೇಲಕ್ಕೆ ಮಡಚಿಕೊಂಡು ಬೆಂಕಿ ನಾಲಿಗೆ ಥರ ನಿಂತಿರತ್ತೆ, ಅಂಚು ಅಲೆ ಅಲೆ. ಅದನ್ನ ಬೆಲ್ಟಿನ ಅಗಲಕ್ಕೆ ಸರಿಯಾಗಿ ಕಾಗದದ ಮೇಲೆ ಬರೀರಿ, ಆ ಅಲೆಯ ಒಳಗಿನ ಬಾಗು ಎಷ್ಟು ಚಿಕ್ಕದು ಅಂತ ಸ್ಕೇಲ್ ಇಟ್ಟು ಅಳೀರಿ. ಅಲ್ಲೇ ನಿಮಗೆ ಉತ್ತರ ಸಿಗತ್ತೆ. ಬೆವಲರ್ ಅಂದ್ರೆ ಚಾಕುವಿನ ಗೆರೆಯ ಒಂದು ಬದಿಯನ್ನ ಇಳಿಜಾರಾಗಿ ಒತ್ತಿ ಇನ್ನೊಂದು ಬದಿಯನ್ನ ಎದ್ದು ಕಾಣೋ ಹಂಗೆ ಮಾಡೋ ಸ್ಟ್ಯಾಂಪು, ಇಡೀ ಕೆತ್ತನೆಯ ಜೀವ ಅದ್ರಲ್ಲೇ ಇರೋದು. 6 ಮಿಲಿಮೀಟರ್ ಅಗಲದ ಬೆವಲರ್ ಕಾಂಡಕ್ಕೆ ಚೆನ್ನಾಗಿ ಹೋಗತ್ತೆ, ಅದನ್ನೇ ಎಸಳಿನ ಅಲೆಗೆ ಇಟ್ರೆ ಎರಡೂ ಮೂಲೆ ಗೆರೆ ದಾಟಿ ಎಸಳಿನ ಮೇಲೇ ಕೂತ್ಕೊಳ್ಳತ್ತೆ. ಅದಕ್ಕೆ ನಯವಾದ ಮುಖದ ಅಗಲದ ಬೆವಲರ್ ಒಂದು, ಎಸಳಿನ ಒಳಗೆ ನೆರಳು ಕೊಡೋಕೆ ಪೇರ್ ಶೇಡರ್ ಒಂದು, ಇವೆರಡನ್ನ ಕೊಂಡ್ಕೊಳ್ಳಿ. ಚಿಕ್ಕ ಬೆವಲರ್ ನೀವೇ ಮಾಡಿ. ಕ್ರಾಫ್ಟೂಲ್ ಅನ್ನೋ ಬ್ರಾಂಡಿನ ಥರದ ಸ್ಟ್ಯಾಂಪುಗಳ ಹಿಡಿ ಮೇಲೆ ನಂಬರ್ ಮುಂದೆ ಒಂದು ಅಕ್ಷರ ಇರತ್ತೆ, ಬಿ ಅಂದ್ರೆ ಬೆವಲರ್, ಪಿ ಪೇರ್ ಶೇಡರ್, ಎ ಹಿನ್ನೆಲೆ ಒತ್ತೋದು, ಎಸ್ ಬೀಜದ ಗುರುತು, ವಿ ಎಲೆಯ ನರ. ಕೈಗೆ ಸಿಕ್ಕಿದ ತಕ್ಷಣ ಮುಖದ ಅಂಚಿನ ಮೇಲೆ ಉಗುರು ಎಳೆದು ನೋಡಿ, ಉಗುರು ಕೆರೆದ್ರೆ ಅದು ಚರ್ಮವನ್ನೂ ಕೆರೆಯತ್ತೆ.

ಇನ್ನು ಮಾಡ್ಕೊಳ್ಳೋ ವಿಷ್ಯ. ಅಮೆರಿಕದಲ್ಲಿ ಕುದುರೆ ಜೀನಿನ ಮೇಲೆ ಹೂ ಕೆತ್ತುತಿದ್ದ ಹಳೇ ಕೆಲಸಗಾರರೂ ಮೊಳೆ, ಬೋಲ್ಟಿಗೆ ಅರ ಹಾಕಿ ಸ್ಟ್ಯಾಂಪ್ ಮಾಡ್ಕೊಂಡವರೇ, ಹಂಗಾಗಿ ಇದು ಕಮ್ಮಿ ದರ್ಜೆಯ ದಾರಿ ಅಂತ ಅಂದ್ಕೋಬೇಡಿ. ಚರ್ಮ ಮೆತ್ತಗಿನ ವಸ್ತು, ಮಾಮೂಲಿ ಕಬ್ಬಿಣದ ಮೊಳೆ ಸಾಕು, ಕಾಯಿಸಿ ಹದ ಕೊಟ್ಟು ಗಟ್ಟಿ ಮಾಡೋ ಅಗತ್ಯ ಇಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ನಾಲ್ಕಿಂಚಿನ ಮೊಳೆ ತಗೊಳ್ಳಿ, ಚೂಪು ತುದಿಯನ್ನ ಹ್ಯಾಕ್ಸಾದಲ್ಲಿ ಕತ್ತರಿಸಿ, ವೈಸಿಗೆ ಕಟ್ಟಿ ಅರದಲ್ಲಿ ಚಪ್ಪಟೆ ಮಾಡಿ. ಬೆವಲರ್ ಬೇಕಂದ್ರೆ ಆ ಮುಖವನ್ನ ಒಂದು ಕಡೆಗೆ ಇಳಿಜಾರು ಮಾಡಬೇಕು. ಉದ್ದ ಇರೋ ಅಂಚು ಗೆರೆಯ ಒಳಗೆ ಇಳಿಯತ್ತೆ, ಗಿಡ್ಡ ಅಂಚು ಚರ್ಮದ ಮೇಲೆ ಗುರುತೇ ಬಿಡಬಾರದು, ಅದಕ್ಕೆ ಅದನ್ನ ಪೂರ್ತಿ ದುಂಡಗೆ ಉಜ್ಜಿ. ಉದ್ದದ ಅಂಚನ್ನೂ ಒಂದು ಕೂದಲಷ್ಟು ಮೊಂಡ ಮಾಡಿ.

ಬೀಜದ ಸ್ಟ್ಯಾಂಪ್ ಮಾಡೋದು ನಂಗೆ ಎಲ್ಲಕ್ಕಿಂತ ಇಷ್ಟದ ಕೆಲ್ಸ, ಯಾಕಂದ್ರೆ ನಮ್ಮ ಕಡೆ ಕೆತ್ತನೆಗೆ ಅದೊಂದ್ರಲ್ಲೇ ಕರಿಮೆಣಸಿನ ಗೊಂಚಲು, ಕಾಫಿ ಹಣ್ಣು ಎರಡೂ ಬರತ್ತೆ. ಸೈಕಲ್ ಫ್ರೀವೀಲ್ ಒಳಗೆ 3 ಮಿಲಿಮೀಟರ್ ಸುಮಾರಿನ ಬಾಲ್ ಇರತ್ತಲ್ಲ, ರಿಪೇರಿ ಅಂಗಡಿಯಲ್ಲಿ ಕೇಳಿದ್ರೆ ಕೊಡ್ತಾರೆ. ಚಪ್ಪಟೆ ಮಾಡಿದ ಮೊಳೆಯ ತುದಿ ಮಧ್ಯಕ್ಕೆ ಸೆಂಟರ್ ಪಂಚಲ್ಲಿ ಒಂದು ಗುಳಿ ಹೊಡೀರಿ, 2 ಮಿಲಿಮೀಟರ್ ಡ್ರಿಲ್ ಬಿಟ್ಟಲ್ಲಿ ಅದನ್ನ ಸ್ವಲ್ಪ ಅಗಲ ಮಾಡಿ, ಆಮೇಲೆ ತುದಿ ಕೆಂಪಗಾಗೋವರೆಗೂ ಇಕ್ಕಳದಲ್ಲಿ ಹಿಡಿದು ಕಾಯಿಸಿ, ಕಬ್ಬಿಣದ ತುಂಡಿನ ಮೇಲೆ ಕೂರಿಸಿಟ್ಟ ಬಾಲಿನ ಮೇಲೆ ಗುಳಿ ಸರಿಯಾಗಿ ಇಟ್ಟು ಸುತ್ತಿಗೆಯಲ್ಲಿ ಒಂದೇ ಏಟು. ಕಣ್ಣಿಗೆ ಕನ್ನಡಕ ಹಾಕ್ಕೊಂಡೇ ಮಾಡಿ. ಬಿಳಿ ಸತುವಿನ ಲೇಪನ ಇರೋ ಜಿಐ ಮೊಳೆ, ಬೋಲ್ಟ್ ಮಾತ್ರ ಯಾವತ್ತೂ ಕಾಯಿಸಬೇಡಿ, ಆ ಹೊಗೆ ಕುಡಿದ್ರೆ ಜ್ವರ ಬರತ್ತೆ. ತಣ್ಣಗಾದ ಮೇಲೆ ನೋಡಿದ್ರೆ ಒಳಗೆ ಚೆಂದದ ಬಟ್ಟಲು ಕೂತಿರತ್ತೆ, ಆದ್ರೆ ಸುತ್ತಿನ ಅಂಚು ತೆಳ್ಳಗೆ ಚೂಪಾಗಿರತ್ತೆ, ಹಂಗೇ ಹೊಡೆದ್ರೆ ಬಿಸ್ಕತ್ತು ಕತ್ತರಿಸಿದ ಹಂಗೆ ಚರ್ಮದಲ್ಲಿ ದುಂಡಗೆ ತುಂಡಾಗತ್ತೆ. ಅದಕ್ಕೆ ಹೊರಗಿನಿಂದ ಅರ ಹಾಕಿ ಅಂಚನ್ನ ಮೊಂಡ ಮಾಡಬೇಕು.

ಉಜ್ಜೋದ್ರಲ್ಲಿ ಅವಸರ ಬೇಡ. 220ರ ವಾಟರ್ ಪೇಪರ್, ಆಮೇಲೆ 400, 800, 1200, ಕೊನೆಗೆ ಬ್ರಾಸೋ ಹಚ್ಚಿ ಬಟ್ಟೆಯಲ್ಲಿ ಕನ್ನಡಿ ಥರ ಆಗೋವರೆಗೂ. ಅರದ ಒಂದೊಂದು ಗೀರೂ ಚರ್ಮದ ಮೇಲೆ ಹಂಗೇ ಅಚ್ಚಾಗತ್ತೆ. ಮಧ್ಯೆ ಮಧ್ಯೆ ಸೋಪಿನ ಮೇಲೆ ಒತ್ತಿ ನೋಡ್ತಾ ಇರಿ. ಹಿನ್ನೆಲೆಗೆ ಮಾತ್ರ ಉಲ್ಟಾ, ಅಲ್ಲಿ ಒರಟು ಬೇಕು. ಎಷ್ಟೋ ಮೊಳೆಗಳ ತಲೆ ಮೇಲೆ ಚೌಕಳಿ ಚೌಕಳಿ ಗೆರೆ ಇರತ್ತೆ, ಆ ತಲೆಯನ್ನ ಸುತ್ತ ಉಜ್ಜಿ ಚಿಕ್ಕದು ಮಾಡ್ಕೊಂಡ್ರೆ ಅದೇ ಹಿನ್ನೆಲೆ ಸ್ಟ್ಯಾಂಪು.

ಒಂದು ದೊಡ್ಡ ಎಚ್ಚರಿಕೆ. ಕೆತ್ತನೆಗೆ ಬೇಕಾಗಿರೋದು ಮರದ ತೊಗಟೆ, ಕಾಯಿಯ ಟ್ಯಾನಿನ್ನಲ್ಲಿ (ಅದ್ರೊಳಗಿನ ಒಗರು ಸತ್ವ) ಹದ ಮಾಡಿದ ಚರ್ಮ, ವೆಜ್ ಟ್ಯಾನ್ ಅಂತಾರೆ. ನಮ್ಮಲ್ಲಿ ಹಿಂದಿನಿಂದ ತಂಗಡಿ ಚಕ್ಕೆ, ಅಳಲೆಕಾಯಿಯಲ್ಲಿ ಹದ ಮಾಡ್ತಿದ್ರಲ್ಲ, ಅದೇ. ಕ್ರೋಮ್ ಚರ್ಮ (ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು) ಒತ್ತಿದ್ರೆ ವಾಪಸ್ ಎದ್ದುಬಿಡತ್ತೆ, ಎಷ್ಟು ಒಳ್ಳೇ ಸ್ಟ್ಯಾಂಪ್ ಇದ್ರೂ ವ್ಯರ್ಥ. ಆದ್ರೆ ಟ್ಯಾನಿನ್ನಿಗೆ ಒದ್ದೆಯಲ್ಲಿ ಕಬ್ಬಿಣ ತಾಗಿದ್ರೆ ಕಪ್ಪಾಗತ್ತೆ, ಅಳಲೆಕಾಯಿ ಜೊತೆ ಕಬ್ಬಿಣ ಸೇರಿಸಿ ಹಳೇ ಕಾಲದಲ್ಲಿ ಶಾಯಿ ಮಾಡ್ತಿದ್ದದ್ದೂ ಇದೇ ಗುಣದಿಂದ. ನಮ್ಮ ದೊಡ್ಡಪ್ಪನ ಬೆಲ್ಟ್ ಮೇಲೆ ಒಂದು ರಾತ್ರಿ ಮೊಳೆ ಸ್ಟ್ಯಾಂಪ್ ಮರೆತು ಬಿಟ್ಟಿದ್ದೆ, ಬೆಳಗ್ಗೆ ಎದ್ದು ನೋಡಿದ್ರೆ ಹೂವಿನ ಪಕ್ಕದಲ್ಲೇ ಮೊಳೆಯ ಉದ್ದಕ್ಕೂ ಕಪ್ಪು ಗೆರೆ. ನಿಂಬೆಹಣ್ಣಿನ ರಸ ಒರೆಸಿದ್ಮೇಲೆ ತಿಳಿಯಾಯ್ತು, ಪೂರ್ತಿ ಹೋಗ್ಲಿಲ್ಲ, ಕೊನೆಗೆ ಇಡೀ ಬೆಲ್ಟಿಗೆ ಗಾಢ ಕಂದು ಬಣ್ಣ ಹಾಕಬೇಕಾಯ್ತು, ದೊಡ್ಡಪ್ಪ ಏನೂ ಅನ್ಲಿಲ್ಲ ಆದ್ರೂ ನಂಗೆ ಈಗ್ಲೂ ಅದನ್ನ ನೋಡಿದ್ರೆ ಬೇಜಾರಾಗತ್ತೆ. ಹಂಗಾಗಿ ತುಕ್ಕು ಹಿಡಿದ ಮೊಳೆ ಬೇಡ್ವೇ ಬೇಡ, ಹೊಡೆದ ತಕ್ಷಣ ಎತ್ತಿ ಪಕ್ಕಕ್ಕಿಡಿ. ಸ್ಟೇನ್‌ಲೆಸ್ ಬೋಲ್ಟ್, ಹಿತ್ತಾಳೆ ಸರಳು ಸಿಕ್ಕಿದ್ರೆ ಇನ್ನೂ ಒಳ್ಳೇದು, ಹಿತ್ತಾಳೆಗೆ ಅರ ಬೇಗ ಹತ್ತತ್ತೆ, ಕಪ್ಪು ಕಲೆಯ ಭಯವೂ ಇಲ್ಲ.

ಬೆಲ್ಟಿಗೆ 3 ರಿಂದ 3.5 ಮಿಲಿಮೀಟರ್ ದಪ್ಪದ ಚರ್ಮ ಸಾಕು. ಸ್ಪಂಜಲ್ಲಿ ಒದ್ದೆ ಮಾಡಿ, ಮೇಲ್ಮೈಯ ಬಣ್ಣ ಹೆಚ್ಚುಕಮ್ಮಿ ಮೊದಲಿನ ಹಂಗೇ ಬರೋವರೆಗೂ ಕಾಯಿರಿ, ಆದ್ರೆ ಕೆನ್ನೆಗೆ ಇಟ್ಟು ನೋಡಿದ್ರೆ ತಣ್ಣಗಿರಬೇಕು, ಅದು ಹದ. ಕೆಳಗೆ ಕಿಚನ್ ಕಟ್ಟೆಗೆ ಹಾಕಿ ಮಿಕ್ಕಿದ ಗ್ರಾನೈಟ್ ತುಂಡು ಇಡಿ. ಸುತ್ತಿಗೆಯಲ್ಲಿ ಹೊಡೀಬೇಡಿ, ಸ್ಟ್ಯಾಂಪಿನ ತಲೆ ಅಣಬೆ ಥರ ಅರಳತ್ತೆ, ಏಟೂ ಹತೋಟಿಗೆ ಬರಲ್ಲ. ತೋಟದಲ್ಲಿ ಕಿತ್ತು ಹಾಕಿದ ಹಳೇ ರೊಬಸ್ಟಾ ಬೊಡ್ಡೆ ಇರತ್ತಲ್ಲ, ಅದ್ರಲ್ಲೊಂದು ಕೊಡತಿ ಮಾಡಿಸ್ಕೊಳ್ಳಿ, ನಾನು ಅದನ್ನೇ ಬಳಸೋದು. ಬೆವಲರನ್ನ ಎತ್ತಿ ಎತ್ತಿ ಇಡಬಾರದು, ಅದ್ರ ಅರ್ಧ ಅಗಲದಷ್ಟೇ ಜರುಗಿಸ್ತಾ ಸಣ್ಣ ಸಣ್ಣ ಏಟು ಕೊಡ್ತಾ ಗೆರೆ ಮೇಲೆ ನಡೆಸ್ಕೊಂಡು ಹೋಗಬೇಕು, ಆಗ್ಲೇ ಮೆಟ್ಟಿಲು ಮೆಟ್ಟಿಲು ಕಾಣಲ್ಲ.

ಸ್ಟ್ಯಾಂಪುಗಳಿಗೆ ಕೋವಿ ಎಣ್ಣೆ ಸವರಿ ಇಡಿ, ನಮ್ಮ ಮಳೆಗೆ ಎರಡೇ ದಿನ ಸಾಕು ತುಕ್ಕು ಬರೋಕೆ. ಬಳಸೋ ಮುಂಚೆ ಎಣ್ಣೆಯನ್ನ ಪೂರ್ತಿ ಒರೆಸಿ ತೆಗೀರಿ, ಇಲ್ಲಾಂದ್ರೆ ಚರ್ಮದ ಮೇಲೆ ಎಣ್ಣೆ ಕಲೆ ನಿಲ್ಲತ್ತೆ. ಇನ್ನು ಹಬ್ಬ ಬರೋದು ಸೆಪ್ಟೆಂಬರ್ ಮೊದಲಲ್ಲಿ, ಜುಲೈ ಆಗಸ್ಟಲ್ಲಿ ಕೆತ್ತಿದ ಚರ್ಮ ಒಣಗೋಕೇ ಮೂರು ದಿನ ಹಿಡಿಯತ್ತೆ, ಬಣ್ಣ, ಎಣ್ಣೆ ಆರೋಕೆ ಇನ್ನೊಂದು ವಾರ, ಒಲೆ ಹತ್ರ ಇಟ್ಟು ಒಣಗಿಸೋಕೆ ಹೋಗಬೇಡಿ ಬಿರುಕು ಬಿಡತ್ತೆ. ಆಗಸ್ಟ್ 10ರ ಒಳಗೆ ಕೆತ್ತನೆ ಮುಗಿಸ್ಕೊಳ್ಳಿ. ಹೂವಿನ ಕಾಗದದ ಫೋಟೋ ಸ್ಕೇಲ್ ಪಕ್ಕದಲ್ಲಿಟ್ಟು ಇಲ್ಲಿ ಹಾಕಿ, ಎಸಳಿನ ಬಾಗಿಗೆ ಎಷ್ಟು ಅಗಲದ ಮೊಳೆ ಬೇಕು ಅಂತ ನೋಡಿ ಹೇಳ್ತೀನಿ.