ಅಂಗೈ ಅಳೆದವರು, ಆಟ ನೋಡಿದವರು

ಕೊಲರಾಡೊದಲ್ಲಿ ಮಗಳ ಮನೆಯಲ್ಲಿರುವ ನಿವೃತ್ತ ಅಧ್ಯಾಪಕರೊಬ್ಬರು ಹೀಗೆ ಬರೆದಿದ್ದಾರೆ: ಎರಡು ಋತು ಶನಿವಾರ ತಪ್ಪಿಸದೆ ಕೊಲರಾಡೊ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವ) ಶೆಡ್ಯೂರ್ ಸ್ಯಾಂಡರ್ಸ್ ಆಟ ನೋಡಿದೆ. 2024ರಲ್ಲಿ ನೂರಕ್ಕೆ 74 ಎಸೆತ ಗುರಿ ಮುಟ್ಟಿಸಿದ. ಮೊದಲ ಸುತ್ತಿನಲ್ಲೇ ಹೋಗುತ್ತಾನೆಂದು ಎಲ್ಲರೂ ಹೇಳುತ್ತಿದ್ದರು. 2025ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ಲೀಗಿನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಲ್ಲಿ, ಐದನೆಯ ಸುತ್ತಿನವರೆಗೆ ಅವನನ್ನು ಯಾರೂ ಕೇಳಲಿಲ್ಲ. 'ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳಿಗೆ ಗೊತ್ತಿರುವುದು ನಿಮಗೇನು ಗೊತ್ತು ಮಾವ?' ಎಂದು ಅಳಿಯ ನಗುತ್ತಾನೆ. ನಮ್ಮಂತಹ ಅಭಿಮಾನಿಗಳ ನೋಟಕ್ಕೆ ಬೆಲೆಯೇ ಇಲ್ಲವೇ?

ಸಂಪಾದಕರ ಉತ್ತರ: ಇದೆ ಮೇಷ್ಟ್ರೇ, ಇದೆ. ಆದರೆ ಮೊದಲು ನಿಮ್ಮ ಅಳಿಯಂದಿರಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿಬಿಡುತ್ತೇನೆ. ಕಾಲೇಜು ಆಟ ಬೇರೆ, ವೃತ್ತಿಪರ ಆಟ ಬೇರೆ. ಅಲ್ಲಿ ಮೈಮೇಲೆ ಬರುವವರು ಇನ್ನೂ ದಢೂತಿ, ಇನ್ನೂ ಚುರುಕು. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಜಾನಿ ಮನ್‌ಝೀಲ್ 2012ರಲ್ಲಿ ಕಾಲೇಜು ಆಟದ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪ್ರಶಸ್ತಿ ಗೆದ್ದಾಗ ಅಭಿಮಾನಿಗಳು ತಲೆಯ ಮೇಲೆ ಹೊತ್ತು ಕುಣಿದರು. ಕ್ಲೀವ್‌ಲ್ಯಾಂಡ್ ತಂಡದಲ್ಲಿ ಅವರ ಆಟ ಎರಡೇ ಋತುವಿಗೆ ಮುಗಿಯಿತು. ಸರಿ, ಅಳಿಯಂದಿರ ಪಾಲು ಸಂದಿತು.

ಈಗ ಆ ಸ್ಕೌಟ್‌ಗಳು ಮಾಡುವುದೇನು ನೋಡಿ. ವರ್ಷಕ್ಕೊಮ್ಮೆ ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ ಎತ್ತರ, ತೂಕ, ಅಂಗೈ ಅಳೆಯುತ್ತಾರೆ, ನಲವತ್ತು ಗಜ ಓಡಿಸುತ್ತಾರೆ, ಕೋಣೆಗೆ ಕರೆದು ಪ್ರಶ್ನೆ ಕೇಳುತ್ತಾರೆ. ಉಪ್ಪಿಟ್ಟು ತಿಂದು, ಹುಡುಗಿಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿ, 'ಊರಿಗೆ ಹೋಗಿ ತಿಳಿಸುತ್ತೇವೆ' ಎಂದು ಏಳುವವರ ಗತ್ತೇ ಅದು. 2020ರಲ್ಲಿ ಕ್ವಾರ್ಟರ್‌ಬ್ಯಾಕ್ ಜೋ ಬರೋ ಅವರ ಅಂಗೈ ಒಂಬತ್ತೇ ಇಂಚು, ಚೆಂಡು ಹಿಡಿಯಲು ಚಿಕ್ಕದು ಎಂದು ಅಳೆದದ್ದೇ ದೊಡ್ಡ ಸುದ್ದಿಯಾಯಿತು. ಹಾಗಾದರೆ ನಿವೃತ್ತಿ ಪಡೆಯುತ್ತೇನೆ ಎಂದು ಆ ಹುಡುಗ ತಮಾಷೆ ಮಾಡಿದ. ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಅವನೇ ಆದ.

ಟಾಮ್ ಬ್ರೇಡಿ ಕತೆ ನಿಮಗೆ ಗೊತ್ತಿರುತ್ತದೆ. ಆದರೂ ಹೇಳುತ್ತೇನೆ, ಏಕೆಂದರೆ ಅದನ್ನು ಹೇಳುವವರೆಲ್ಲ ಅರ್ಧ ಬಿಟ್ಟು ಹೇಳುತ್ತಾರೆ. 2000ದಲ್ಲಿ ನಲವತ್ತು ಗಜಕ್ಕೆ 5.28 ಸೆಕೆಂಡು ತೆಗೆದುಕೊಂಡ ಬ್ರೇಡಿ ಆರನೆಯ ಸುತ್ತಿನಲ್ಲಿ, 199ನೆಯವರಾಗಿ ಆಯ್ಕೆಯಾದರು. ಅವರಿಗಿಂತ ಮುಂಚೆ ಆರು ಕ್ವಾರ್ಟರ್‌ಬ್ಯಾಕ್‌ಗಳು ಹೋಗಿದ್ದರು. ಬಾಲ್ಯದಿಂದ ಅವರು ಅಭಿಮಾನಿಸುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೊ ತಂಡವೇ ಮೂರನೆಯ ಸುತ್ತಿನಲ್ಲಿ ಬೇರೊಬ್ಬನನ್ನು ಆರಿಸಿತು. ಆ ಆಟಗಾರ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಬ್ರೇಡಿ ಏಳು ಸೂಪರ್ ಬೌಲ್ (ಲೀಗಿನ ಅಂತಿಮ ಪಂದ್ಯ) ಗೆದ್ದರು. ಇಷ್ಟು ಎಲ್ಲರೂ ಹೇಳುತ್ತಾರೆ. ಹೇಳದಿರುವುದು ಇದು: ಆ ಡ್ರಾಫ್ಟ್‌ಗೆ ಕೆಲವೇ ತಿಂಗಳ ಹಿಂದೆ, ಹೊಸವರ್ಷದ ದಿನ ಆರೆಂಜ್ ಬೌಲ್ ಎಂಬ ಕಾಲೇಜು ಪಂದ್ಯದಲ್ಲಿ, ಅದೇ ಬ್ರೇಡಿ ಮಿಶಿಗನ್ ತಂಡವನ್ನು ಎರಡು ಸಲ 14 ಅಂಕಗಳ ಹಿನ್ನಡೆಯಿಂದ ಮೇಲೆತ್ತಿ, ಹೆಚ್ಚುವರಿ ಅವಧಿಯಲ್ಲಿ ಅಲಬಾಮಾವನ್ನು 35-34ರಿಂದ ಸೋಲಿಸಿದ್ದರು. ನೋಡಲು ಕಣ್ಣಿದ್ದವರಿಗೆ ಅಲ್ಲಿ ಎಲ್ಲವೂ ಇತ್ತು. ಗಡಿಯಾರ ಹಿಡಿದವರು ಕಾಲು ನೋಡುತ್ತಿದ್ದರು.

ಮುಂದೆ ಸೂಪರ್ ಬೌಲ್‌ಗಳನ್ನು ಗೆದ್ದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ವಿಷಯದಲ್ಲೂ ಇದೇ ಆಯಿತು. 2016ರಲ್ಲಿ ಟೆಕ್ಸಸ್ ಟೆಕ್ ಪರವಾಗಿ ಓಕ್ಲಹೋಮಾ ವಿರುದ್ಧ ಒಂದೇ ಪಂದ್ಯದಲ್ಲಿ ಎಸೆತಗಳಿಂದಲೇ ಒಟ್ಟು 734 ಗಜ ಗಳಿಸಿದರು, ಆದರೂ 66-59ರಲ್ಲಿ ಸೋತರು. ಟೆಕ್ಸಸ್ ಟೆಕ್‌ನ ಊರಾದ ಲಬ್ಬಕ್‌ನ ಜನ ಆ ರಾತ್ರಿ ಕಂಡದ್ದನ್ನು ತಜ್ಞರು 'ಅದು ಆ ತಂಡದ ಆಟದ ಪದ್ಧತಿ, ಹುಡುಗನ ಸಾಮರ್ಥ್ಯವಲ್ಲ' ಎಂದು ತಳ್ಳಿಹಾಕಿದರು. ಮರುವರ್ಷ ಶಿಕಾಗೊ ತಂಡ ಡ್ರಾಫ್ಟ್ ಸರದಿಯಲ್ಲಿ ಮೂರನೆಯ ಸ್ಥಾನದಿಂದ ಎರಡಕ್ಕೆ ಏರಲು ಬೆಲೆ ತೆತ್ತು, ಕಾಲೇಜಿನಲ್ಲಿ ಹದಿಮೂರೇ ಪಂದ್ಯಗಳಲ್ಲಿ ಮೊದಲಿನಿಂದ ಆಡಿದ್ದ ಮಿಚೆಲ್ ಟ್ರುಬಿಸ್ಕಿಯನ್ನು ಆರಿಸಿಕೊಂಡಿತು. ಹತ್ತನೆಯ ಆಯ್ಕೆಯಾಗಿ ಕ್ಯಾನ್ಸಸ್ ಸಿಟಿಗೆ ಹೋದ ಮಹೋಮ್ಸ್ ಒಂದು ವರ್ಷ ಹಿರಿಯ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಹಿಂದೆ ಕುಳಿತು ಕಲಿತರು. ಆ ಒಂದು ವರ್ಷದ ತಾಳ್ಮೆಯನ್ನು ಯಾವ ಟೇಪು ಅಳೆಯುತ್ತದೆ?

ಮೇಷ್ಟ್ರೇ, ನಿಮ್ಮನ್ನೂ ಸ್ವಲ್ಪ ಗದರಬೇಕು. ನಿಮ್ಮ ಎದುರಾಳಿ ನೆಬ್ರಾಸ್ಕಾದ ಹುಡುಗನೊಬ್ಬ ಹೀಗೆ ಕೆಳಗೆ ಜಾರಿದ್ದರೆ ನೀವು ಪತ್ರ ಬರೆಯುತ್ತಿದ್ದಿರಾ? ಶೆಡ್ಯೂರ್ 2024ರಲ್ಲಿ ನೂರಕ್ಕೆ 74 ಎಸೆತ ಗುರಿ ಮುಟ್ಟಿಸಿದ್ದನ್ನು ಬರೆದಿದ್ದೀರಿ. ಚೆಂಡನ್ನು ಹೆಚ್ಚು ಹೊತ್ತು ಕೈಯಲ್ಲೇ ಇಟ್ಟುಕೊಂಡು ಪದೇ ಪದೇ ನೆಲಕ್ಕುರುಳಿದ್ದನ್ನು ಬರೆದಿಲ್ಲ. ಎಲ್ಲ ಶನಿವಾರಗಳನ್ನೂ ನೋಡಿದವರು ಎಲ್ಲವನ್ನೂ ಹೇಳಬೇಕು. ನಿಮ್ಮ ಸಾಕ್ಷ್ಯಕ್ಕೆ ತೂಕ ಬರುವುದು ಆಗಲೇ.

ಅಂಗೈ ಮಾತು ಬಂದಾಗಲೆಲ್ಲ ನನಗೆ ಮೈಸೂರಿನ ಬಿ. ಎಸ್. ಚಂದ್ರಶೇಖರ್ ನೆನಪಾಗುತ್ತಾರೆ. ಬಾಲ್ಯದಲ್ಲಿ ಪೋಲಿಯೊ ಬಂದು ಬಲಗೈ ಸೊರಗಿತ್ತು. ಇಂಡಿಯಾನಾಪೊಲಿಸ್‌ನವರು ಆ ತೋಳನ್ನು ಅಳೆದಿದ್ದರೆ ಚೀಟಿ ಹರಿದು ಮನೆಗೆ ಕಳಿಸುತ್ತಿದ್ದರು. ನಮ್ಮವರು ಅಳೆಯಲಿಲ್ಲ, ಚೆಂಡು ಏನು ಮಾಡುತ್ತದೆ ಎಂದು ನೋಡಿದರು. 1971ರಲ್ಲಿ ಓವಲ್‌ನಲ್ಲಿ ಆ ಕೈ 38 ರನ್ನಿಗೆ ಆರು ವಿಕೆಟ್ ಕಿತ್ತಿತು. ಇಂಗ್ಲೆಂಡ್ ನೆಲದಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದಿತು.

ಈಗ ನಾವೂ ಅಳೆಯುವವರ ಗುಂಪಿಗೇ ಸೇರಿದ್ದೇವೆ. ಸಿಇಟಿಯಲ್ಲಿ ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ಎರಡು ವರ್ಷ ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದ ಪಿಯು ಉಪನ್ಯಾಸಕರನ್ನು 'ಈ ಹುಡುಗಿ ಹೇಗೆ?' ಎಂದು ಯಾರೂ ಕೇಳುವುದಿಲ್ಲ. ರ‍್ಯಾಂಕ್ ಬಂದವರ ಮುಖಗಳು ಕೋಚಿಂಗ್ ಕೇಂದ್ರಗಳ ಫ್ಲೆಕ್ಸ್ ಏರುತ್ತವೆ. ಉಳಿದವರಿಗೆ ಹದಿನೆಂಟಕ್ಕೇ ತೀರ್ಪು. ನೀವೂ ಪಾಠ ಹೇಳಿದವರು, ನಿಮಗೆ ನಾನು ಇದನ್ನು ಹೇಳುವುದೇ ಅಧಿಕಪ್ರಸಂಗ.

ಅಳಿಯಂದಿರು ಒಪ್ಪದಿದ್ದರೆ ಅವರೂ ಬರೆಯಲಿ, ಅರ್ಧ ಪುಟ ಕೊಡುತ್ತೇನೆ. ನಿಮ್ಮ ಶನಿವಾರಗಳ ಬಗ್ಗೆ ನೀವು ಬರೆದರೆ ಎರಡು ಪುಟ.