ಸ್ಮಾರ್ಟ್ ಮನೆ: ಸೋಲಾರ್ ಕಾಯಿಲ್, ಬಿಪಿ ಮಾತ್ರೆ, ನೀರಿನ ಲೆಕ್ಕ

ಪ್ರಶ್ನೆ: ನಮ್ಮಲ್ಲಿ 100 ಲೀಟರ್ ಸೋಲಾರ್ ಹೀಟರ್ ಇದೆ. ಮಳೆಗಾಲದಲ್ಲಿ ಅದರ ಕರೆಂಟ್ ಕಾಯಿಲ್ ಹಾಕುತ್ತೇವೆ, ಆರಿಸಲು ಯಾರಿಗೂ ನೆನಪಿರುವುದಿಲ್ಲ. ಸ್ಮಾರ್ಟ್ ಪ್ಲಗ್ (ಮೊಬೈಲಿನಿಂದಲೇ ಹತ್ತಿಸಿ ಆರಿಸುವ ಪ್ಲಗ್) ಹಾಕಿ ಎಲ್ಲರ ಮೊಬೈಲಿಗೂ ಸಂದೇಶ ಬರುವಂತೆ ಮಾಡಿದೆ. ಒಂದು ವಾರ ನಡೆಯಿತು, ಈಗ ಯಾರೂ ನೋಡುವುದಿಲ್ಲ. ತಿಂಗಳಿಗೆ 200 ಯೂನಿಟ್ ದಾಟುತ್ತಿದೆ. ಏನು ಮಾಡಲಿ?
– ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಮೊದಲು ಲೆಕ್ಕ ನೋಡಿ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 4.6 ಯೂನಿಟ್ ಬೇಕು. ದಿನವೂ ಹೀಗಾದರೆ ತಿಂಗಳಿಗೆ 140 ಯೂನಿಟ್ ಬರೀ ಬಚ್ಚಲಿಗೇ ಹೋಯಿತು. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಹಾಗಾಗಿ ಕಡೆಯ ಹತ್ತು ಯೂನಿಟ್ಟೇ ದುಬಾರಿ.

ನಿಜವಾದ ನಷ್ಟ ಸ್ನಾನಕ್ಕೆ ಮೊದಲಲ್ಲ, ಸ್ನಾನ ಮುಗಿದ ಮೇಲೆ. ಬಿಸಿನೀರು ಖರ್ಚಾದಷ್ಟೂ ತಣ್ಣೀರು ಟ್ಯಾಂಕಿಗೆ ಇಳಿಯುತ್ತದೆ. ಕಾಯಿಲ್ ಹಾಗೇ ಬಿಟ್ಟಿದ್ದರೆ ಯಾರಿಗೂ ಬೇಡದ ಆ ನೀರನ್ನು ಮತ್ತೆ ಕಾಯಿಸುತ್ತದೆ. ಮಧ್ಯಾಹ್ನ ಒಂದು ಗಳಿಗೆ ಬಿಸಿಲು ಬಿದ್ದರೂ ನೀರು ಆಗಲೇ ಬಿಸಿಯಾಗಿರುವುದರಿಂದ ಸೋಲಾರಿಗೆ ಕೆಲಸವೇ ಇರುವುದಿಲ್ಲ. ಆದ್ದರಿಂದ ಮೊದಲ ಸ್ನಾನ ಶುರುವಾಗುವಾಗಲೇ ಕಾಯಿಲ್ ಆರಬೇಕು.

ಇದನ್ನು ಜನರ ನೆನಪಿಗೆ ಬಿಡಬೇಡಿ. 2 ಕಿಲೋವ್ಯಾಟ್ ಕಾಯಿಲ್ ಆದರೆ ಪ್ಲಗ್ಗಿನಲ್ಲಿ ಬೆಳಗ್ಗೆ 5ರಿಂದ 6.30ರ ಸಮಯ ಕಟ್ಟಿ. 3 ಯೂನಿಟ್‌ಗೆ ನೀರು ಸುಮಾರು 25 ಡಿಗ್ರಿ ಏರುತ್ತದೆ, ಆರಿದ್ರಾ ಮಳೆ ಹಿಡಿದ ದಿನವೂ ಸ್ನಾನಕ್ಕೆ ಸಾಕು. ಭಾನುವಾರ ಮಾತ್ರ ಬೇಗ ಶುರು ಮಾಡಿ ಎರಡೂವರೆ ಗಂಟೆ ಬಿಡಿ. ಬೆಚ್ಚಗಿನ ನೀರು ನಿಂತೇ ಇದ್ದರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ವಾರಕ್ಕೊಮ್ಮೆ 60 ಮುಟ್ಟಿಸುವುದು ಒಳ್ಳೆಯದು.

ಬಚ್ಚಲಿನ ಹೊರಗೋಡೆಗೆ ಒಂದು ವೈರ್‌ಲೆಸ್ ಬಟನ್ ಹಾಕಿ. ಒತ್ತಿದರೆ 30 ನಿಮಿಷ ಕಾಯಿಲ್ ಹತ್ತಿ ತಾನೇ ಆರಬೇಕು, ಅಂದರೆ ಒಂದು ಯೂನಿಟ್. ಈ ಬಟನ್ ಇಲ್ಲದಿದ್ದರೆ ನೆಂಟರು ಬಂದ ದಿನ ಯಾರೋ ಪ್ಲಗ್ ಕಿತ್ತು ನೇರ ಸಾಕೆಟ್ಟಿಗೆ ಹಾಕುತ್ತಾರೆ, ಮತ್ತೆ ವಾಪಸ್ ಹಾಕುವುದಿಲ್ಲ. ಇಂಥ ವ್ಯವಸ್ಥೆಗಳು ಹೆಚ್ಚಾಗಿ ಕೆಡುವುದು ಇಲ್ಲೇ.

ಸಂದೇಶದ ಬದಲು ಬಚ್ಚಲ ಬಾಗಿಲ ಮೇಲೆ ಸಣ್ಣ ಬಲ್ಬ್ ಇಡಿ: ಕಾಯಿಲ್ ಉರಿಯುತ್ತಿದ್ದರೆ ಕೆಂಪು, ನೀರು ಸಿದ್ಧವಾದರೆ ಹಸಿರು. ಅಜ್ಜಿಗೂ ಅರ್ಥವಾಗುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಷವರ್ ಪೈಪಿಗೇ ಪುಟ್ಟ ಮೀಟರ್ ಕೂರಿಸಿ, ಸ್ನಾನ ಮಾಡುತ್ತಿರುವಾಗಲೇ ಖರ್ಚು ತೋರಿಸಿದಾಗ ಷವರಿಗೆ ಬೇಕಾಗುವ ಶಕ್ತಿ ಸುಮಾರು 22 ಶೇಕಡಾ ಇಳಿಯಿತು. ತಿಂಗಳ ಕೊನೆಗೆ ಬರುವ ಬಿಲ್ಲಿಗೆ ಆ ಬಲವಿಲ್ಲ, ಅಷ್ಟು ಹೊತ್ತಿಗೆ ನೀರು ಮೋರಿ ಸೇರಿರುತ್ತದೆ.

ಇನ್ನು ಕರೆಂಟಿನ ವಿಷಯ. 2 ಕಿಲೋವ್ಯಾಟ್ ಅಂದರೆ 8.7 ಆಂಪಿಯರ್, 16 ಆಂಪಿಯರ್ ಪ್ಲಗ್ಗಿಗೆ ತೊಂದರೆಯಿಲ್ಲ. 3 ಕಿಲೋವ್ಯಾಟ್ ಆದರೆ 13 ಆಂಪಿಯರ್ ಗಂಟೆಗಟ್ಟಲೆ ಹರಿಯುತ್ತದೆ, ಸಡಿಲ ಸಾಕೆಟ್ ಕರಗುತ್ತದೆ. ಆಗ ಬೋರ್ಡಿನಲ್ಲಿ 25 ಆಂಪಿಯರ್ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಡೆಯುವ ಸ್ವಿಚ್) ಹಾಕಿಸಿ, ಸ್ಮಾರ್ಟ್ ಸ್ವಿಚ್ ಅದನ್ನು ಮಾತ್ರ ಹತ್ತಿಸಿ ಆರಿಸಲಿ. ಎರಡೂ ಸಂದರ್ಭದಲ್ಲಿ ಅರ್ತ್ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಇರಲೇಬೇಕು. ಪ್ಲಗ್ಗಿನ ಸೆಟ್ಟಿಂಗ್‌ನಲ್ಲಿ ‘ಕರೆಂಟ್ ಬಂದಾಗ ಏನಾಗಬೇಕು’ ಎಂಬುದನ್ನು ‘ಆಫ್’ ಮಾಡಿ. ಇಲ್ಲದಿದ್ದರೆ ಮಧ್ಯಾಹ್ನ ಕರೆಂಟ್ ಹೋಗಿ ಬಂದಾಗ ಕಾಯಿಲ್ ತಾನೇ ಹತ್ತಿಕೊಳ್ಳಬಹುದು. ಕರೆಂಟ್ ಹೋದರೆ ಹಲವು ಪ್ಲಗ್‌ಗಳು ಗಂಟೆ ಮರೆಯುತ್ತವೆ, ಇಂಟರ್ನೆಟ್ ಬಂದ ಮೇಲಷ್ಟೇ ಸರಿಹೋಗುತ್ತವೆ. ರೂಟರ್‌ಗೂ ಫೈಬರ್ ಪೆಟ್ಟಿಗೆಗೂ 12 ವೋಲ್ಟ್ ಮಿನಿ ಯುಪಿಎಸ್ ಕೊಡಿ, ಆದರೆ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದೇ ಬರೆದಿದೆಯೇ ನೋಡಿಕೊಂಡು.

ಪ್ರಶ್ನೆ: ಅಪ್ಪಯ್ಯ ಬೆಳಗಿನ ಬಿಪಿ ಮಾತ್ರೆ ಮರೆಯುತ್ತಾರೆ. ನಾನಿರುವುದು ಬೆಂಗಳೂರಿನಲ್ಲಿ. ಮಾತಾಡುವ ಸ್ಪೀಕರ್‌ನಲ್ಲಿ ಅಲಾರಂ ಇಟ್ಟರೆ ‘ಆಯ್ತು’ ಅಂತ ಆರಿಸಿಬಿಡುತ್ತಾರೆ.
– ಸಾಗರದವರು

ಉತ್ತರ: ಅಲಾರಂ ಹೊಡೆಯುವಾಗ ಅವರು ಕೊಟ್ಟಿಗೆಯಲ್ಲೋ ತೋಟದಲ್ಲೋ ಇರುತ್ತಾರೆ, ಮಾತ್ರೆ ಇನ್ನೆಲ್ಲೋ ಇರುತ್ತದೆ. ಮಾತ್ರೆ ಡಬ್ಬಿಯನ್ನು ದಿನವೂ ತಪ್ಪದ ಕೆಲಸದ ಪಕ್ಕಕ್ಕೆ ತನ್ನಿ: ಕಾಫಿ ಲೋಟ ಇಡುವ ಜಾಗ. ಊಟಕ್ಕೆ ಮೊದಲೋ ನಂತರವೋ ಎಂಬುದನ್ನು ಮಾತ್ರ ವೈದ್ಯರಲ್ಲಿ ಕೇಳಿಕೊಳ್ಳಿ. ಡಬ್ಬಿಯ ಮುಚ್ಚಳಕ್ಕೆ ಬಾಗಿಲಿಗೆ ಹಾಕುವ ಅಯಸ್ಕಾಂತದ ಸೆನ್ಸರ್ ಅಂಟಿಸಿ. 8.30ರೊಳಗೆ ತೆರೆಯದಿದ್ದರೆ ಅಡುಗೆಮನೆಯ ಒಂದು ದೀಪ ಮಿನುಗಲಿ, ತೆರೆದ ಕೂಡಲೇ ನಿಲ್ಲಲಿ. 9.30ಕ್ಕೂ ತೆರೆಯದಿದ್ದರೆ ಮಾತ್ರ ನಿಮಗೆ ಸಂದೇಶ. ‘ಆಯ್ತು’ ಅಂತ ಆರಿಸಿಬಿಡಲು ಇಲ್ಲಿ ಅಲಾರಂ ಇಲ್ಲ.

ದಪ್ಪ ಕೆಂಪುಕಲ್ಲಿನ ಗೋಡೆಯಾಚೆ ಸಿಗ್ನಲ್ ಸೊರಗುತ್ತದೆ, ಸೆನ್ಸರಿನ ಸಿಗ್ನಲ್ ಹಿಡಿಯುವ ಪೆಟ್ಟಿಗೆ (ಹಬ್) ಅದೇ ಕೋಣೆಯಲ್ಲಿರಲಿ. ಜಡಿಮಳೆಯ ತೇವಕ್ಕೆ ಟೇಪ್ ಕಿತ್ತು ಬರುತ್ತದೆ, ಅಂಟಿಸುವ ಮೊದಲು ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಿಸಿ. ಡಬ್ಬಿ ತೆರೆದರು ಎಂದರೆ ನುಂಗಿದರು ಎಂದಲ್ಲ, ವಾರದ ಖಾನೆಗಳ ಡಬ್ಬಿಯಾದರೆ ಖಾಲಿಯಾದದ್ದಾದರೂ ಕಾಣುತ್ತದೆ. ಮರೆತ ದಿನ ಎರಡು ಮಾತ್ರೆ ಒಟ್ಟಿಗೆ ನುಂಗಬಾರದು ಎಂದು ಡಬ್ಬಿಯ ಮೇಲೇ ಬರೆಯಿರಿ. ಒಂದು ತಿಂಗಳಿಗೇ ದೀಪ ತೆಗೆಯಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಅಧ್ಯಯನವೊಂದರಲ್ಲಿ ಹೊಸ ಅಭ್ಯಾಸ ತಾನಾಗಿ ಬರಲು ಸರಾಸರಿ 66 ದಿನ ಹಿಡಿಯಿತು, ಜನರ ನಡುವಿನ ವ್ಯತ್ಯಾಸ 18ರಿಂದ 254 ದಿನ. ಇಷ್ಟೆಲ್ಲ ಮಾಡುವ ಮೊದಲು ಅವರನ್ನೇ ಕೇಳಿ. ಹೇಳದೆ ಇಟ್ಟ ಸೆನ್ಸರ್ ಗೊತ್ತಾದ ದಿನ ಡಬ್ಬಿ ಅಟ್ಟ ಸೇರುತ್ತದೆ.

ಪ್ರಶ್ನೆ: ನಮ್ಮ ಹದಿನಾರು ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಸ್ಮಾರ್ಟ್ ನೀರಿನ ಮೀಟರ್ ಹಾಕಿದ್ದೇವೆ. ಯಾರು ಎಷ್ಟು ಬಳಸಿದರು ಎಂದು ವಾಟ್ಸಾಪ್ ಗುಂಪಿನಲ್ಲಿ ಹಾಕಬಹುದೇ?
– ಶಿವಮೊಗ್ಗ ವಿನೋಬನಗರದಿಂದ

ಉತ್ತರ: ಬೇಡ. ಜಗಳವಂತೂ ಆಗುತ್ತದೆ, ಅದರ ಮೇಲೆ ಇನ್ನೊಂದು ಪೆಟ್ಟು. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ ಮನೆಗಳಿಗೆ ನೆರೆಹೊರೆಯ ಸರಾಸರಿ ವಿದ್ಯುತ್ ಬಳಕೆ ತಿಳಿಸಿದ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ಹೆಚ್ಚು ಬಳಸುತ್ತಿದ್ದವರು ಇಳಿಸಿದರು, ಕಡಿಮೆ ಬಳಸುತ್ತಿದ್ದವರು ಏರಿಸಿಬಿಟ್ಟರು! ಕಡಿಮೆ ಬಳಸಿದವರ ಚೀಟಿಯಲ್ಲಿ ಒಂದು ನಗುಮುಖ ಬರೆದಾಗ ಆ ಏರಿಕೆ ನಿಂತಿತು. ನೀವೂ ಪ್ರತಿ ಮನೆಗೆ ಅದರ ಅಂಕಿ ಮತ್ತು ಒಟ್ಟು ಸರಾಸರಿ ಮಾತ್ರ ಖಾಸಗಿಯಾಗಿ ಕಳಿಸಿ, ಕಡಿಮೆ ಬಳಸಿದವರಿಗೆ ಒಂದು ನಗುಮುಖವೂ ಇರಲಿ. ಲೆಕ್ಕ ಮನೆಗಲ್ಲ, ತಲೆಗೆ ಇರಲಿ. ಆರು ಜನರ ಮನೆಯನ್ನು ಇಬ್ಬರ ಮನೆಗೆ ಹೋಲಿಸಿದರೆ ಯಾರೂ ಒಪ್ಪುವುದಿಲ್ಲ. ರಾತ್ರಿ 2ರಿಂದ 4ರವರೆಗೆ ಯಾವ ಮೀಟರ್ ನಿಲ್ಲದೆ ಓಡುತ್ತದೋ ಆ ಮನೆಯ ಫ್ಲಶ್ ಟ್ಯಾಂಕ್ ಮೊದಲು ನೋಡಿಸಿ.